ಕೆಂಚಿಗೆ ತೋಳ ತಂದುಕೊಟ್ಟ ತುಂಡಿನ ವಿಚಾರ

ನಾನು ಹೊಳಿಯಪ್ಪ, ತಂದೆ ಯಮನೂರಪ್ಪ, ವಯಸ್ಸು 58 ವರ್ಷ, ಉದ್ಯೋಗ ಕುರಿ ಸಾಕುವುದು, ಸಾಕಿನ್ ತಳಕಲ್, ಜಿಲ್ಲಾ ಕೊಪ್ಪಳ. ಈ ದಿನ ದಿನಾಂಕ 15-11-2025ರಂದು ಬೆಳಿಗ್ಗೆ 10-30 ಗಂಟೆಗೆ ಠಾಣೆಗೆ ಬಂದು ತಮ್ಮ ಮುಂದೆ ಹೇಳಿ ಬರೆಸುವುದೇನೆಂದರೆ,

ನನ್ನ ಮೊಮ್ಮಗಳು ಹುಲಗೆಮ್ಮ, ವಯಸ್ಸು 4 ವರ್ಷ, ನಿನ್ನೆ ಹೊಟ್ಟೆಗೆ ವಿಷ ಹೋಗಿ ಕೊಪ್ಪಳದ ಆಸ್ಪತ್ರೆಯಲ್ಲಿದ್ದಾಳೆ. ಇನ್ನೂ ಕಣ್ಣು ಬಿಟ್ಟಿಲ್ಲ. ನನ್ನ ಮಗ ವೆಂಕೋಬ ಕೊಟ್ಟ ದೂರಿನ ಮೇಲೆ ಹೊಲದ ಮಾಲೀಕ ಬಡೇಸಾಬನನ್ನು ತಾವು ಕರೆತಂದು ಕೂರಿಸಿದ್ದೀರಿ. ಆ ದೂರು ಸರಿ ಇಲ್ಲ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಬಡೇಸಾಬನ ಹೊಲ ಊರಿನಿಂದ ಪಡುವಣಕ್ಕೆ ಎರಡು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಗೊಬ್ಬರಕ್ಕೆಂದು ಹದಿನೈದು ದಿನಗಳಿಂದ ನಮ್ಮ ಕುರಿ ನಿಲ್ಲಿಸಿದ್ದೇವೆ. ನಾನು, ಮಗ, ಸೊಸೆ ರೇಣುಕಾದೇವಿ ಮತ್ತು ಮಗು ಅಲ್ಲೇ ಗುಡಾರದಲ್ಲಿದ್ದೇವೆ. ನಮ್ಮ ಹತ್ತಿರ ಕೆಂಚಿ ಎಂಬ ಹೆಣ್ಣು ನಾಯಿ ಇತ್ತು. ಒಂದೂವರೆ ತಿಂಗಳ ಹಿಂದೆ ಒಂದು ಒಂಟಿ ತೋಳ ಅದರ ಜೊತೆ ಸಲಿಗೆ ಬೆಳೆಸಿತು. ದಿನಾ ಸಂಜೆ 5 ಗಂಟೆ ಸುಮಾರಿಗೆ ಬರುತ್ತಿತ್ತು. ಎರಡೂ ಅರ್ಧ ಗಂಟೆ ಹೊರಳಾಡಿ, ಒಂದರ ಕಿವಿ ಒಂದು ಕಚ್ಚಿ, ಆಮೇಲೆ ತೋಳ ತನ್ನ ಪಾಡಿಗೆ ಹೋಗುತ್ತಿತ್ತು. ನಾವು ಹಟ್ಟಿ ಕಿತ್ತು ಬೇರೆ ಹೊಲಕ್ಕೆ ಹೋದರೆ ಹಿಂದೆಯೇ ಬರುತ್ತಿತ್ತು. ಕೆಂಚಿಯನ್ನು ಕಟ್ಟಿ ಹಾಕಿದ್ದ ಎರಡು ದಿನ ಅದು ಮೊಲ ಹಿಡಿದು ತಂದು ಕೆಂಚಿಯ ಮುಂದೆ ಇಟ್ಟು ಹೋಗಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟು ದಿನಗಳಲ್ಲಿ ನಮ್ಮ ಒಂದು ಕುರಿಮರಿಯನ್ನೂ ಮುಟ್ಟಿಲ್ಲ. ಆದರೂ ನನಗೆ ಒಂದು ದಿನ ನೆಮ್ಮದಿಯ ನಿದ್ದೆ ಇರಲಿಲ್ಲ.

ದಿನಾಂಕ 12-11-2025ರಂದು ಸಂಜೆ 5-10ಕ್ಕೆ ನಾನು ಕುರಿ ಹೊಡೆದುಕೊಂಡು ಬಂದಾಗ ಹುಲಗೆಮ್ಮ ಕೆಂಚಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಎಂಟು ಅಡಿ ದೂರದಲ್ಲಿ ತೋಳ ಮುಂಗಾಲಿನ ಮೇಲೆ ಗದ್ದ ಇಟ್ಟು ಅವಳನ್ನೇ ನೋಡುತ್ತಾ ಮಲಗಿತ್ತು. ಕೂಗಿದೆ. ತೋಳ ಎದ್ದು, ಅವಸರವಿಲ್ಲದೆ ಹೋಯಿತು. ಮಗು, “ಕೆಂಚಿ ದೋಸ್ತನ್ನ ಯಾಕ ಓಡಿಸಿದಿ ಅಜ್ಜಾ” ಅಂತ ಅತ್ತಳು.

ಅದೇ ಹೊತ್ತಿಗೆ ಬಂದ ಬಡೇಸಾಬನು, “ಕೂಸು ಓಡ್ಯಾಡೋ ಜಾಗಾದಾಗ ತೋಳ ಬರಾಕತ್ತೈತಿ, ಅದನ್ನ ಮುಗಸಬೇಕು ನೋಡ್ರಿ ಕಾಕಾ” ಎಂದನು. ಸೊಸೆಯು, “ಒಂದ ಮರಿನೂ ಮುಟ್ಟಿಲ್ಲ ಅದು, ಯಾಕ ಕೊಲ್ಲತೀರಿ” ಎಂದಳು. ಮಗ ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ. ಬಡೇಸಾಬ ಬಾಯಿಮಾತಿಗೆ ಅಂದು ಮನೆಗೆ ಹೋದ. ಮಾಡಿದವನು ನಾನು.

ದಿನಾಂಕ 14-11-2025ರಂದು ಬೆಳಿಗ್ಗೆ 5-40ಕ್ಕೆ ಎಲ್ಲರೂ ಮಲಗಿದ್ದಾಗ, ಹೊಲದಲ್ಲಿರುವ ಬಡೇಸಾಬನ ಶೆಡ್ಡಿನಿಂದ ಕಡಲೆಯ ಹುಳಕ್ಕೆ ಹೊಡೆಯುವ ವಿಷದ ಎಣ್ಣೆಯನ್ನು ಅವನಿಗೆ ಹೇಳದೆ ತೆಗೆದು, ಒಂದು ಮಾಂಸದ ತುಂಡಿಗೆ ಹಾಕಿ, ಗುಡಾರದಿಂದ ಮುನ್ನೂರು ಹೆಜ್ಜೆ ದೂರದ ಜಾಲಿ ಗಿಡದ ಹತ್ತಿರ ಇಟ್ಟೆನು. ಕೆಂಚಿ ಅದನ್ನು ತಿನ್ನಬಾರದೆಂದು ಗುಡಾರದ ಗೂಟಕ್ಕೆ ಹಗ್ಗದಿಂದ ಬಿಗಿದೆ. ಕಟ್ಟಿ ಹಾಕಿದ ದಿನ ತೋಳ ಏನು ಮಾಡುತ್ತದೆ ಎಂಬುದು ಗೊತ್ತಿದ್ದೂ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಹೆದರಿದವನ ತಲೆ ಓಡುವುದಿಲ್ಲ. 6-15ಕ್ಕೆ ತೋಳ ತುಂಡನ್ನು ಕಚ್ಚಿಕೊಂಡು ಜಾಲಿಯೊಳಗೆ ಹೋದದ್ದನ್ನು ನೋಡಿ ನಿಟ್ಟುಸಿರು ಬಿಟ್ಟು, ಮಗನ ಜೊತೆ ಹಳ್ಳದ ಕಡೆ ಹೋದೆನು.

7-20ರ ಸುಮಾರಿಗೆ ತೋಳ ಆ ತುಂಡನ್ನು ತಂದು ಕೆಂಚಿಯ ಮುಂದೆ ಇಟ್ಟು ಹಿಂದೆ ಸರಿದು ನಿಂತಿತು. ಇದನ್ನು ಸೊಸೆ ಬೋರಿನ ಹತ್ತಿರ ನೀರು ತುಂಬುತ್ತಾ ನೋಡಿದ್ದಾಳೆ. ಹಿಂದೆಯೂ ಹೀಗೆ ತಂದಿದ್ದರಿಂದ ಅವಳು ಸುಮ್ಮನಿದ್ದಳು. ಕೆಂಚಿ ತಿಂದಿತು. ಸ್ವಲ್ಪ ಹೊತ್ತಿಗೆ ನೊರೆ ಕಾರಿ ಬಿತ್ತು. ಮಗು ಎದ್ದು ಬಂದು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಯ ನೊರೆಯನ್ನು ಕೈಯಿಂದ ಒರೆಸಿದ್ದಾಳೆ. ಹುಲಗೆಮ್ಮನಿಗೆ ಹೆಬ್ಬೆರಳು ಚೀಪುವ ಚಾಳಿ ಇದೆ.

7-45ಕ್ಕೆ ಸೊಸೆ ಕಿರುಚಿದ್ದು ಕೇಳಿ ನಾವು ಓಡಿ ಬಂದೆವು. ಕೆಂಚಿ ಸತ್ತಿತ್ತು. ಮಗುವಿನ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು. ತೋಳ ಮೂವತ್ತು ಅಡಿ ದೂರದಲ್ಲೇ ನಿಂತಿತ್ತು. ಮಗ ಕಲ್ಲು ಎಸೆದರೂ ಹೋಗಲಿಲ್ಲ, ಸಣ್ಣಗೆ ಕುಂಯ್ಗುಡುತ್ತಿತ್ತು. ಆಗಷ್ಟೇ ಹೊಲಕ್ಕೆ ಬಂದಿದ್ದ ಬಡೇಸಾಬ ಗದ್ದಲ ಕೇಳಿ ಬೈಕ್ ತಂದು, ಮಗುವನ್ನೂ ಸೊಸೆಯನ್ನೂ ಕೂರಿಸಿಕೊಂಡು ಹೊರಟನು. ನಾವು ಹಿಂದೆ ಹೊರಡುವಾಗ ತಿರುಗಿ ನೋಡಿದೆ. ತೋಳ ಸತ್ತ ಕೆಂಚಿಯ ಕಿವಿ ನೆಕ್ಕುತ್ತಿತ್ತು. ಅದನ್ನು ನೋಡಿ ನನಗೆ ಹುಟ್ಟಿದ ಭಯ ತೋಳದ ಭಯವಲ್ಲ.

8-30ಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರರು, “ಯಾವ ಔಷಧ ಹೊಟ್ಟಿಗೆ ಹೋಗೈತಿ ಅಂತ ಗೊತ್ತಾದರ ಭಾಳ ಛಲೋ ಆಗತೈತಿ, ಗೊತ್ತಿದ್ದವರು ಹೇಳ್ರಿ” ಎಂದು ಕೇಳಿದರು. ನಾನು ಎರಡು ಮಾರು ದೂರದಲ್ಲಿದ್ದೆ. ತೋಳಕ್ಕೆ ವಿಷ ಹಾಕಿದರೆ ಫಾರೆಸ್ಟಿನವರು ಜೈಲಿಗೆ ಹಾಕುತ್ತಾರೆ ಎಂದು ಕೇಳಿದ್ದೆ. ಮಗನ ಮುಖ ನೋಡಿ ಅದಕ್ಕಿಂತ ಹೆಚ್ಚು ಹೆದರಿದೆ. ಬಾಯಿ ಬಿಡಲಿಲ್ಲ. 9-20ಕ್ಕೆ ಮಗುವಿನ ಮೈ ಅದುರಲು ಶುರುವಾದಾಗ ನರ್ಸ್‌ಬಾಯಿಗೆ, “ಬಡೇಸಾಬನ ಶೆಡ್ಡಿನಾಗ ಕಡ್ಲಿಗೆ ಹೊಡಿಯೋ ಎಣ್ಣಿ ಐತ್ರಿ, ಅದಾ ಇರಬೇಕು” ಅಂದೆ. ಯಾರು ತೆಗೆದರು ಎಂಬುದನ್ನು ಹೇಳಲಿಲ್ಲ. ಪಕ್ಕದಲ್ಲಿದ್ದ ಮಗ ಅದನ್ನು ಕೇಳಿಸಿಕೊಂಡೇ ದೂರು ಕೊಟ್ಟಿದ್ದಾನೆ. ಆಮೇಲೆ ಮಗುವನ್ನು ಅಲ್ಲಿಂದ ಕೊಪ್ಪಳದ ಆಸ್ಪತ್ರೆಗೆ ಕಳಿಸಿದರು. ಆ ಐವತ್ತು ನಿಮಿಷ ನಾನು ಸುಮ್ಮನಿದ್ದದ್ದಕ್ಕೆ ಮಗುವಿಗೆ ಏನಾಗುತ್ತದೋ ಎಂದು ಕೊಪ್ಪಳದ ಡಾಕ್ಟರರನ್ನು ಕೇಳಲು ನನಗೆ ಧೈರ್ಯವಿಲ್ಲ. ನಾಳೆವರೆಗೆ ಏನೂ ಹೇಳಲಾಗದು ಎಂದಿದ್ದಾರೆ.

ತೋಳ ತಾನು ತಿನ್ನದೆ ನಾಯಿಗೆ ಯಾಕೆ ಕೊಡುತ್ತದೆ, ಇದನ್ನು ಯಾರು ನಂಬಬೇಕು ಎಂದು ತಾವು ಕೇಳಿದ್ದೀರಿ. ನಲವತ್ತು ವರ್ಷ ಕುರಿ ಕಾಯ್ದ ನಾನೂ ಕಣ್ಣಾರೆ ಕಂಡರೂ ನಂಬಿರಲಿಲ್ಲ, ಸಾಹೇಬರೇ. ನಂಬಿದ್ದರೆ ಕೆಂಚಿಗೆ ಹಗ್ಗ ಹಾಕುತ್ತಿರಲಿಲ್ಲ. ಬಡೇಸಾಬನದು ಏನೂ ತಪ್ಪಿಲ್ಲ, ಅವನನ್ನು ಮನೆಗೆ ಕಳಿಸಬೇಕು.

ಮೇಲೆ ಬರೆಸಿದ್ದೆಲ್ಲ ನಡೆದ ಹಾಗೆಯೇ ಇದೆ, ಯಾರೂ ಹೇಳಿಕೊಟ್ಟದ್ದಲ್ಲ. ನನಗೆ ಓದು ಬಾರದ ಕಾರಣ ತಾವು ಓದಿ ಹೇಳಿದ್ದನ್ನು ಕೇಳಿ ಹೆಬ್ಬೆಟ್ಟು ಒತ್ತುತ್ತಿದ್ದೇನೆ. ನನ್ನ ಮಗ ವೆಂಕೋಬ ಹೊರಗೆ ಕೂತಿದ್ದಾನೆ. ಬಡೇಸಾಬನ ವಿರುದ್ಧ ಸಾಕ್ಷಿ ಹೇಳಲು ಬಂದಿದ್ದೇನೆಂದು ನಂಬಿ ಅವನೇ ನನ್ನನ್ನು ಬೈಕಿನ ಮೇಲೆ ಕರೆತಂದಿದ್ದಾನೆ. ಇದನ್ನು ಅವನಿಗೂ ತಾವೇ ಓದಿ ಹೇಳಬೇಕು. ನನ್ನಿಂದ ಆಗುವುದಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 15-11-2025, ಸಮಯ ಮಧ್ಯಾಹ್ನ 12-05
ಹೊಳಿಯಪ್ಪನ ಎಡಗೈ ಹೆಬ್ಬೆರಳ ಗುರುತು