ಮಿಯೊ ಹೆಸರಿನ ಮರ

...ಅಳು, ಚೆನ್ನಾಗಿ ಅಳು! ನೀನು ಅತ್ತರೆ ಒಣಗಿದ ಸಕುರಾ ಮರ ಚಿಗುರಿಬಿಡುತ್ತಾ ಚಿಗುಸಾ? ಮೊದಲು ಮೂಗು ಒರೆಸ್ಕೊ. ಚಹಾ ಆರ್ತಿದೆ.

ಅಲ್ನೋಡು. ನೆಲ ಗುಡಿಸೋ ಹಾಗೆ ಇಳಿಬಿದ್ದಿವೆ ಕೊಂಬೆಗಳು, ಹೂ ಬಿಡೋ ಕಾಲದಲ್ಲೂ ಒಂದೇ ಒಂದು ಮೊಗ್ಗಿಲ್ಲ! ಪುರಸಭೆಯೋರು ಬೋರ್ಡು ನೆಟ್ಟು ಕಾಪಾಡ್ತಿರೋ ಮರ. ನಮ್ಮ ಅಂಗಳದ್ದೇ ಆದ್ರೂ ಕಡ್ಡಿ ಮುರಿಯೋಕೆ ಅವರ ಅಪ್ಪಣೆ ಬೇಕು. ನೀನೋ, ಗರಗಸ ಹಿಡ್ಕೊಂಡು ಹೋದೆ ಮಾರಾಯ್ತಿ! ಯಾಕೆ? ಒಣಹಾಕಿದ ಬಟ್ಟೆಗೆ ಕೊಂಬೆ ತಾಗುತ್ತೆ ಅಂತ! 'ಸಕುರಾ ಕಡಿಯೋನು ದಡ್ಡ, ಪ್ಲಮ್ ಕಡಿಯದೋನು ದಡ್ಡ' ಅಂತ ನಿಮ್ಮಮ್ಮ ಹೇಳಿಕೊಡಲಿಲ್ವಾ? ಕಡಿದ ಜಾಗದಿಂದಲೇ ಸಕುರಾ ಕೊಳೆಯುತ್ತೆ ಕಣೇ.

ಏನು? ಬೆರಳು ಗಾತ್ರದ ಕೊಂಬೆನಾ? ಆಹಾ, ವಾದ ಬೇರೆ!

ನಾಳೆ ಮರದ ವೈದ್ಯ ಬರ್ತಾನೆ. ಬೇರಿನ ಮಣ್ಣು ಒಯ್ದಿದ್ನಲ್ಲ, ಏನಾಗಿದೆ ಅಂತ ಹೇಳ್ತಾನೆ. ಅವನು ಬರೋದ್ರೊಳಗೆ ನೀನು ನೆಂಟರೆದುರು ಹಣೆ ನೆಲಕ್ಕೆ ಹಚ್ಚಿ, 'ನನ್ನದೇ ತಪ್ಪು' ಅಂದು, ತವರಿಗೆ ನಡಿ. ತದಾಶಿ ಚಿಂತೆ ನಿನಗೆ ಬೇಡ. ನನ್ನ ಮಗ, ನಾನು ನೋಡ್ಕೋತೀನಿ. ಇನ್ನೊಬ್ಬಳು ಸಿಕ್ತಾಳೆ. ಈ ಮನೆಗೆ ಎರಡನೇ ಹೆಂಡತಿ ಹೊಸಬಳೇನಲ್ಲ.

ಯಾಕೆ ನಗ್ತೀ? ಹೌದು, ನಾನೂ ಎರಡನೇವಳೇ. ಅದರಲ್ಲಿ ನಗೋದೇನಿದೆ?

ಒಪ್ಪಲ್ವಾ? ಹಾಗಾದ್ರೆ ಕೇಳು. ಕೊಂಬೆ ಕಡಿದಿದ್ದು ಮಾತ್ರ ಅಲ್ಲ, ಉಪ್ಪಿನಕಾಯಿ ಪೀಪಾಯಿಯ ಉಪ್ಪುನೀರನ್ನ ಬುಡಕ್ಕೆ ಸುರಿದೋಳೂ ಇವಳೇ ಅಂತೀನಿ! ಪೀಪಾಯಿ ತೊಳೆಯೋಳು ನೀನೇ ತಾನೇ? ಆಗ ಯಾರು ನಂಬ್ತಾರೆ ನಿನ್ನ...

ಏನು ಹಾಗೆ ನೋಡ್ತೀ?

ಉಪ್ಪು ಅಂತ... ವೈದ್ಯನೇ ಅಂದ್ನಲ್ಲ... ಇಲ್ಲ, ಅವನು ಹೇಳೋದು ನಾಳೆ... ಅಯ್ಯೋ, ಉಪ್ಪಿನ ವಿಷಯ ನನಗೆ ಹೇಗೆ ಗೊತ್ತು ಅಂತಾನಾ?

...ಸರಿ. ಸುರಿದೆ! ಚಳಿಗಾಲವೆಲ್ಲಾ ನಾನೇ ಸುರಿದೆ, ಈ ಕೈಯಿಂದಲೇ. ಸತ್ತ ಮೊದಲ ಹೆಂಡತಿ ನೆನಪಿಗೆ ನಿಮ್ಮ ಮಾವ ನೆಟ್ಟ ಮರ ಅದು. ಬೋರ್ಡಲ್ಲೂ 'ಮಿಯೊ ಸಕುರಾ' ಅಂತ ಅವಳದೇ ಹೆಸರು. ಮರ ಸತ್ರೆ ಬೋರ್ಡು ಕೀಳ್ತಾರೆ, ಅಷ್ಟು ಸಾಕಿತ್ತು ನನಗೆ. ಹೂ ಬಿಟ್ಟಾಗೆಲ್ಲ ಜನ ಬರ್ತಾರೆ, ನಾನು ಕೊಟ್ಟ ಚಹಾ ಕುಡೀತಾರೆ, 'ಮಿಯೊ ಅಂದ್ರೆ ನೀವೇನಾ ಅಮ್ಮಾ?' ಅಂತ ನನ್ನನ್ನೇ ಕೇಳ್ತಾರೆ! ಅಲ್ಲ ಅಂದ್ರೆ, 'ಓಹೋ' ಅಂದು ಮತ್ತೆ ಮರ ನೋಡ್ತಾರೆ. ಹಾಗಾದ್ರೆ ನಿಮ್ಮ ಹೆಸರೇನು ಅಂತ ಒಬ್ಬರಾದ್ರೂ ಕೇಳಿದಾರಾ?

ನಿನಗಾದ್ರೂ ಗೊತ್ತಾ? ಮದುವೆಯಾಗಿ ಬಂದಾಗಿನಿಂದ ಅತ್ತೆ, ಅತ್ತೆ ಅಂತೀಯಲ್ಲ... ನನ್ನ ಹೆಸರೇನು, ಹೇಳು ನೋಡೋಣ.

ಹೇಳೇ.

...ಚಿಗುಸಾ?