ಷರತ್ತು ಮೇಷ್ಟ್ರಿಗೆ ಉಳಿದ ಒಂದು ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ, ನಾವೆಲ್ಲ ಅಕ್ಕ ಅನ್ನುವ ಮೇಷ್ಟ್ರ ಹೆಂಡತಿ, ಅವರ ಮಗಳು, ಮಗಳ ಮಡಿಲಲ್ಲಿ ಮಲಗಿರುವ ಹದಿನೆಂಟು ದಿನದ ಪುಟ್ಟಿ — ನಿಮಗೆ ಮೊದಲು. ವಿಭಾಗದ ಮುಖ್ಯಸ್ಥರಿಗೆ, ಸಹೋದ್ಯೋಗಿಗಳಿಗೆ ನನ್ನ ವಂದನೆ. ಹಿಂದಿನ ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಂತಿದ್ದೀರಲ್ಲ, ಹನ್ನೊಂದು ಜನ — ನೀವೂ ಒಳಗೆ ಬನ್ನಿ, ಕೂತುಕೊಳ್ಳಿ. ಮುಂದಿನ ಸಾಲಿನ ಆ ಖಾಲಿ ಕುರ್ಚಿ ಒಂದನ್ನು ಮಾತ್ರ ಬಿಡಿ. ಅದನ್ನು ಅಕ್ಕ ಕೇಳಿ ಇಡಿಸಿದ್ದು.

ನಮ್ಮನ್ನು ಅಗಲಿದ ಈ ಹಿರಿಯರನ್ನು ಇಡೀ ಕಾಲೇಜು ಷರತ್ತು ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಇಪ್ಪತ್ತೆರಡು ವರ್ಷ ಅಲ್ಗಾರಿದಂ, ಅಂದರೆ ಕಂಪ್ಯೂಟರಿಗೆ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಹೇಳಿಕೊಡುವ ಪಾಠ ಮಾಡಿದರು. ಮೊದಲ ದಿನ ಪಾಠ ಇಲ್ಲ. ಎರಡು ಪುಟದ ಒಂದು ನಿಯಮಪತ್ರ ಹಂಚುವುದು, ಅದನ್ನು ಗಟ್ಟಿಯಾಗಿ ಓದುವುದು, ಅಷ್ಟೇ. ಈ ಸಭಾಂಗಣದಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾ ಆಕಳಿಸಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ. ನಾನೂ ಆಕಳಿಸಿದವಳೇ.

ಎರಡು ನಿಯಮ ಮಾತ್ರ ನೆನಪಿಸುತ್ತೇನೆ.

ಒಂದು — ಮನೆಗೆಲಸದ ಲೆಕ್ಕವನ್ನು ಯಾರ ಜೊತೆ ಬೇಕಾದರೂ ಚರ್ಚಿಸಿ. ಆದರೆ ಉತ್ತರಪತ್ರದ ಮೊದಲ ಸಾಲಿನಲ್ಲಿ ಅವರ ಹೆಸರು, ದಿನ, ಜಾಗ ಬರೆಯಬೇಕು. ಆ ಸಾಲು ಸುಳ್ಳಾದರೆ ಇಡೀ ಕೋರ್ಸಿಗೆ ಸೊನ್ನೆ. ಬಚ್ಚಿಟ್ಟರೆ ಆ ಮನೆಗೆಲಸಕ್ಕೆ ಸೊನ್ನೆ. ನನಗೂ ಒಮ್ಮೆ ಸೊನ್ನೆ ಕೊಟ್ಟಿದ್ದರು. ಹಾಸ್ಟೆಲ್ಲಿನ ಗೆಳತಿಯಿಂದ ಒಂದು ಹೆಜ್ಜೆ ಕೇಳಿಕೊಂಡು ಹೆಸರು ಬರೆದಿರಲಿಲ್ಲ. ಅತ್ತುಕೊಂಡು ಹೋದೆ. "ಸಹಾಯ ತಗೊಂಡಿದ್ದಕ್ಕೆ ಅಲ್ಲಮ್ಮ ಸೊನ್ನೆ, ಮುಚ್ಚಿಟ್ಟಿದ್ದಕ್ಕೆ" ಅಂದರು. ಆಮೇಲೆ ಕರ್ಚೀಫು ಕೊಟ್ಟರು. ಅಂಕ ಮಾತ್ರ ಕೊಡಲಿಲ್ಲ, ಮಹಾನುಭಾವ!

ಎರಡು — ಗಡುವು ದಾಟಿದ ಮೇಲೆ ಬಳಸಿಕೊಳ್ಳಲು ಪ್ರತಿಯೊಬ್ಬರಿಗೂ ಮೂರು ದಿನ ರಿಯಾಯಿತಿ. ಬಳಸಿದ ದಿನಕ್ಕೊಂದು ಗುರುತು ಹಾಕಲು ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ಮೂರು ಚೌಕ. ಮತ್ತೆ ಬಹಳ ಮುಖ್ಯವಾದ ಸಾಲು — ಯಾರೂ ಕಾರಣ ಕೇಳುವಂತಿಲ್ಲ. ಕಂಪ್ಯೂಟರಿನವರು ಸೊನ್ನೆಯಿಂದ ಎಣಿಸುತ್ತೇವಲ್ಲ, ಹಾಗೆ ಆ ರಿಜಿಸ್ಟರಿನ ಸೊನ್ನೆಯ ಸಾಲಿನಲ್ಲಿ ತಮ್ಮದೇ ಹೆಸರು ಬರೆದುಕೊಳ್ಳುತ್ತಿದ್ದರು. "ನಿಯಮ ಪಾಠ ಮಾಡೋನಿಗೂ ಒಂದೇ" ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅವರ ಮೂರು ಚೌಕವೂ ಖಾಲಿ. ಜ್ವರ ಬಂದರೂ ಖಾಲಿ.

ಈಗ ಆ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ಅಕ್ಕ, ಹೇಳಲಾ? — ಹೇಳು ಅಂತಿದ್ದಾರೆ.

ಹಿಂದಿನ ದಿನ ಸಂಜೆ ಮಗಳಿಗೆ ಹೆರಿಗೆಯಾಗಿತ್ತು. ಮಂಗಳವಾರ ಬೆಳಿಗ್ಗೆ ಮೊಮ್ಮಗಳನ್ನು ನೋಡಲು ಆಸ್ಪತ್ರೆಗೆ ಹೊರಟರು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಒಂದು ಕಾಲಿಗೆ ಶೂ ಹಾಕಿ ಲೇಸು ಕಟ್ಟಿದರು. ಇನ್ನೊಂದನ್ನು ಕೈಗೆತ್ತಿಕೊಂಡಿದ್ದರಂತೆ. ಅಷ್ಟೇ. ಅಕ್ಕ ಛತ್ರಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗಳದು ಕಷ್ಟದ ಹೆರಿಗೆ. ಶನಿವಾರದವರೆಗೆ ಅವಳಿಗೆ ಈ ಸುದ್ದಿ ತಿಳಿಯಬಾರದು ಅಂದರು ಡಾಕ್ಟರು. ಅಕ್ಕ ನನ್ನ ಕೈ ಹಿಡಿದುಕೊಂಡು, "ಕಾಲೇಜಲ್ಲಿ ಬಾಯಿ ಬಿಡಬೇಡ ಕಣೇ, ಅರ್ಧ ಗಂಟೇಲಿ ಅವಳ ಫೋನಿಗೆ ಬಂದಿರುತ್ತೆ" ಅಂದರು. ಹಾಗಾಗಿ ಇಡೀ ಕಾಲೇಜಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ಮುಖ್ಯಸ್ಥರಿಗೆ ಮತ್ತು ನನಗೆ. ಪರೀಕ್ಷೆಗೆ ಓದಿಕೊಳ್ಳಲು ಬಿಟ್ಟ ವಾರ ಅದು, ತರಗತಿ ಇರಲಿಲ್ಲ. ಅವರ ಕೊಠಡಿಗೆ ಬೀಗ ಹಾಕಿ ಕೀಲಿಯನ್ನು ನಾನೇ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ. ಅದಕ್ಕೆ ಇನ್ನೊಂದು ಕೀಲಿ ಇಲ್ಲ.

ಅದೇ ಮಧ್ಯಾಹ್ನ ನಾನೊಂದು ತಪ್ಪು ಮಾಡಿದೆ. ಅವರ ವಿದ್ಯಾರ್ಥಿನಿಯಾಗಿದ್ದ ನಾನು ಈಗ ಅವರ ಜೊತೆಗೇ ಪಾಠ ಮಾಡುವವಳು, ಆ ವಾರದ ಮನೆಗೆಲಸ ನಾನು ತಯಾರಿಸಿದ್ದು. ಅವರು ನೋಡಿ ಒಪ್ಪಿದ ಮೇಲೆ ವಿದ್ಯಾರ್ಥಿಗಳಿಗೆ ಕಳಿಸುವುದು ನಮ್ಮ ರೂಢಿ. ಆವತ್ತು ನೋಡುವವರು ಇರಲಿಲ್ಲ. ಅತ್ತ ಕಣ್ಣಲ್ಲೇ ಕಳಿಸಿಬಿಟ್ಟೆ. ನಾಲ್ಕನೆಯ ಲೆಕ್ಕದಲ್ಲಿ ಒಂದು ಪಟ್ಟಿಯನ್ನು ಅರ್ಧ ಮಾಡುತ್ತಾ, ಅರ್ಧದ ಅರ್ಧ ಮಾಡುತ್ತಾ ಹೋಗಬೇಕು. ಎಲ್ಲಿ ನಿಲ್ಲಬೇಕು ಎಂಬ ಷರತ್ತನ್ನೇ ನಾನು ಬಿಟ್ಟುಬಿಟ್ಟಿದ್ದೆ. ಅದು ಕೊನೆಯೇ ಇಲ್ಲದ ಲೆಕ್ಕವಾಗಿಹೋಗಿತ್ತು. "ಎಲ್ಲಿ ನಿಲ್ಲಬೇಕು ಅಂತ ಮೊದಲು ಬರಿ, ಆಮೇಲೆ ಹೊರಡು" — ಷರತ್ತು ಮೇಷ್ಟ್ರು ಅನ್ನುವ ಅಡ್ಡಹೆಸರು ಬಂದದ್ದೇ ಅವರ ಈ ಮಾತಿನಿಂದ. ಅವರು ಹೋದ ದಿನವೇ ನಾನು ಅದನ್ನು ಮರೆತೆ.

ಮುಂದಿನ ಸೋಮವಾರ ಉತ್ತರಪತ್ರಗಳು ಬಂದವು. ತಿದ್ದಲು ಕೂತೆ. ಮೊದಲ ಪತ್ರದ ಮೊದಲ ಸಾಲು ಓದುತ್ತೇನೆ, ಇಲ್ಲೇ ಇದೆ. "ನಾಲ್ಕನೆಯ ಲೆಕ್ಕವನ್ನು ಮೇಷ್ಟ್ರ ಜೊತೆ ಚರ್ಚಿಸಿದೆ. ಬುಧವಾರ, ಮಧ್ಯಾಹ್ನ ಮೂರೂವರೆ, ಅವರ ಕೊಠಡಿ."

ಬುಧವಾರ.

ಕೆನ್ನೆಗೆ ಹೊಡೆದ ಹಾಗಾಯಿತು. ಎಂಥ ಕೊಳಕು ತಮಾಷೆ ಅಂದುಕೊಂಡೆ. ಎರಡನೆಯದು ತೆಗೆದೆ — ಬುಧವಾರ. ಐದನೆಯದು — ಗುರುವಾರ, ನಾಲ್ಕು ಗಂಟೆ. ಹೀಗೆ ಹನ್ನೊಂದು. ಬುಧವಾರ ಆರು ಜನ, ಗುರುವಾರ ಐದು. ಹನ್ನೊಂದೂ ಜನ ಒಂದೇ ಮಾತು ಬರೆದಿದ್ದರು: ಪ್ರಶ್ನೆಯಲ್ಲಿ ನಿಲ್ಲುವ ಷರತ್ತು ಬಿಟ್ಟುಹೋಗಿದೆ, ಒಂದೇ ಒಂದು ಉಳಿದಾಗ ನಿಲ್ಲಿಸಿ ಅಂತ ಮೇಷ್ಟ್ರು ಹೇಳಿದರು. ತರಗತಿಯ ಉಳಿದವರೆಲ್ಲ ಆ ಲೆಕ್ಕದಲ್ಲಿ ದಾರಿ ತಪ್ಪಿದ್ದರು. ನನ್ನ ತಪ್ಪು ನನಗೇ ಗೊತ್ತಾಗಿರಲಿಲ್ಲ. ಇವರ ಉತ್ತರ ನೋಡಿಯೇ ಗೊತ್ತಾಯಿತು.

ನನ್ನ ಸಿಟ್ಟು ನಿಮಗೆ ಗೊತ್ತಿದೆ. ಸತ್ತವರ ಹೆಸರಲ್ಲಿ ಸುಳ್ಳು ಬರೆದಿದ್ದಾರೆ, ಹನ್ನೊಂದೂ ಜನರಿಗೆ ಕೋರ್ಸಿನಲ್ಲಿ ಸೊನ್ನೆ ಕೊಡಬೇಕು ಅಂತ ಶಿಸ್ತು ಸಮಿತಿಗೆ ಪತ್ರ ಬರೆದೆ. ಬರೆದು, ಸಹಿ ಹಾಕುವ ಮೊದಲು, ಒಬ್ಬೊಬ್ಬರನ್ನೇ ಕರೆಸಿದೆ. ಪಾಪ, ಬೆಪ್ಪಾಗಿ ನಿಂತಿದ್ದರು. ಮೇಷ್ಟ್ರು ತೀರಿಕೊಂಡರು ಅನ್ನುವುದು ಅವರಿಗೆ ಶನಿವಾರ ಗೊತ್ತಾಗಿತ್ತು. ಯಾವ ದಿನ ಅನ್ನುವುದನ್ನು ನನ್ನ ಬಾಯಿಂದಲೇ ಕೇಳಿದ್ದು.

ಬಾಗಿಲು ತೆರೆದಿತ್ತು ಅಂದರು ಎಲ್ಲರೂ. ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರಂತೆ. ಕೈಯಲ್ಲಿ ಸೀಮೆಸುಣ್ಣ ಇತ್ತು, ಬೋರ್ಡಿನ ಮೇಲೆ ಏನೂ ಬರೆಯಲಿಲ್ಲವಂತೆ. ಕೊಠಡಿ ಸ್ವಲ್ಪ ತಣ್ಣಗಿತ್ತು ಅಂದ ಒಬ್ಬ. ಕೊನೆಗೆ ಬಂದ ಹುಡುಗಿ — ಕನ್ನಡಕದವಳು, ಅಲ್ಲಿದ್ದಾಳೆ — ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತಳು.

"ಮೇಡಂ, ಇನ್ನೊಂದು ವಿಷಯ. ಹೇಳಬಹುದೋ ಇಲ್ಲವೋ..."

"ಹೇಳಮ್ಮ."

"ಅವರ ಒಂದು ಕಾಲಲ್ಲಿ ಶೂ ಇರಲಿಲ್ಲ. ಕೇಳಿದರೆ ಬೇಜಾರು ಮಾಡ್ಕೋತಾರೇನೋ ಅಂತ ನಾನು ನೋಡದೇ ಇರೋ ಥರ ಕೂತಿದ್ದೆ."

ಬೆಂಚಿನ ಮೇಲಿನ ವಿಷಯ ಅಕ್ಕ ಹೇಳಿದ್ದು ನನಗೊಬ್ಬಳಿಗೆ. ನಾನು ಯಾರಿಗೂ ಹೇಳಿರಲಿಲ್ಲ. ಕೀಲಿ ನನ್ನ ಬ್ಯಾಗಿನಲ್ಲೇ ಇತ್ತು. ಮುಟ್ಟಿ ನೋಡಿಕೊಂಡೆ.

ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಆಮೇಲೆ ಅಂದರು, "ನೋಡಿದೆಯಾ ಬುದ್ಧಿ! ಮೊಮ್ಮಗಳನ್ನ ನೋಡೋಕೆ ಅಂತ ಶೂ ಹಾಕಿದವರು ಸೀದಾ ಕಾಲೇಜಿಗೆ ಹೋಗಿದಾರೆ." ನಕ್ಕರು. ನಗುತ್ತಲೇ ಅತ್ತರು. ಕಣ್ಣು ಒರೆಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಶುಕ್ರವಾರ?"

ಶುಕ್ರವಾರವೂ ಒಬ್ಬ ಹೋಗಿದ್ದ. ಒಂದು ಗಂಟೆ ಕಾದಿದ್ದ. ಬೀಗ ಹಾಕಿತ್ತು.

ಎರಡೇ ದಿನ. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೂರು ಚೌಕದಲ್ಲಿ ಇನ್ನೊಂದು ಉಳಿದಿತ್ತು.

ನಾನು ಸುಳ್ಳು ಹೇಳುವುದಿಲ್ಲ, ಆಸೆ ಹುಟ್ಟಿತು. ಮರುದಿನ ಮೂರು ಗಂಟೆಗೆ ಕೊಠಡಿ ತೆರೆದು ಅವರ ಎದುರಿನ ಕುರ್ಚಿಯಲ್ಲಿ ಐದರವರೆಗೆ ಕೂತೆ. ತಪ್ಪಾಯ್ತು ಸರ್, ನೀವಿಲ್ಲದೆ ಕಳಿಸಿಬಿಟ್ಟೆ ಅಂತ ಹೇಳಬೇಕಿತ್ತು. ಯಾರೂ ಬರಲಿಲ್ಲ. ಬಹಳ ಬೇಜಾರಾಯಿತು. ಆದರೆ ಉಳಿದ ಆ ಒಂದು ದಿನ ನನಗಲ್ಲ ಅನ್ನುವುದು ಎದ್ದು ಬರುವಾಗ ಅರ್ಥವಾಯಿತು.

ಮುಖ್ಯಸ್ಥರೇ, ಈ ವಿಷಯಕ್ಕೆ ನೀವು ಕರೆದ ಸಮಿತಿ ನಾಳೆ ಸೇರುತ್ತದೆ. "ಸುಳ್ಳು ಅಂತ ಬರೆದು ಮುಗಿಸಿಬಿಡಿ, ಯಾಕೆ ರಗಳೆ" ಅಂದಿರಿ. ಆ ಪತ್ರವನ್ನು ನಾನು ಹರಿದು ಹಾಕಿದ್ದೇನೆ. ಈ ಹನ್ನೊಂದು ಮಕ್ಕಳು ನಿಯಮ ಹೇಳಿದಂತೆ ಮೊದಲ ಸಾಲಿನಲ್ಲಿ ನಿಜ ಬರೆದಿದ್ದಾರೆ. ಅವರಿಗೆ ಬಂದ ಅಂಕ ಅವರಿಗೆ. ನಿನ್ನೆ ರಿಜಿಸ್ಟರು ತೆರೆದು ಸೊನ್ನೆಯ ಸಾಲಿನ ಎರಡು ಚೌಕದಲ್ಲಿ ನಾನೇ ಗುರುತು ಹಾಕಿದೆ. ಬುಧವಾರ ಒಂದು, ಗುರುವಾರ ಒಂದು. ಸಮಿತಿ ಕಾರಣ ಕೇಳಿದರೆ ನಿಯಮಪತ್ರ ತೋರಿಸುತ್ತೇನೆ. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ.

ನನ್ನ ಮೊದಲ ಸಾಲನ್ನೂ ಹೇಳಿಬಿಡುತ್ತೇನೆ, ಇನ್ನೊಂದು ಸೊನ್ನೆ ನನಗೆ ಬೇಡ. ಈ ಮಾತುಗಳನ್ನು ಅಕ್ಕನ ಜೊತೆ ಚರ್ಚಿಸಿದೆ, ಅವರ ಮನೆಯಲ್ಲಿ. ಹನ್ನೊಂದು ವಿದ್ಯಾರ್ಥಿಗಳ ಜೊತೆ, ನನ್ನ ಕೊಠಡಿಯಲ್ಲಿ. ಬೇರೆ ಯಾರೂ ಇಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಗಳೇ, ನೀನು ಏಳಬೇಡ, ಪುಟ್ಟಿಯನ್ನು ಎತ್ತಿಕೊಂಡು ಹಾಗೇ ಕೂತಿರು. ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ — ಎರಡು ನಿಮಿಷ, ಆಮೇಲೆ ನಾನು ಸಾಕು ಅನ್ನುತ್ತೇನೆ. ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡಿರಿ. ನಡುವೆ ಹಿಂದಿನ ಬಾಗಿಲಿನಿಂದ ಯಾರೋ ಬಂದ ಹಾಗೆ, ಒಂದು ಕಾಲಿನ ಶೂ ಮಾತ್ರ ಸದ್ದು ಮಾಡಿದ ಹಾಗೆ ಅನ್ನಿಸಿದರೆ ತಿರುಗಿ ನೋಡಬೇಡಿ. ಪುಟ್ಟಿಯ ಪಕ್ಕದ ಆ ಖಾಲಿ ಕುರ್ಚಿಯವರೆಗೆ ದಾರಿ ಬಿಡಿ. ಅವರಿಗೆ ಇನ್ನೂ ಒಂದು ದಿನ ಇದೆ, ಕಾರಣ ನಾವು ಕೇಳುವಂತಿಲ್ಲ.