ಗಂಟು ನಾನೇ ಹಾಕ್ಕೋತೀನಿ

...ಅಲ್ಲ, ನಿಲ್ಲು ಜೆಲಿಪಾ, ನಿಲ್ಲು! "ಅಜ್ಜಿ, ಇದೆಲ್ಲ ನನ್ನ ಕೆಲಸ ಅಲ್ಲ, ಇವತ್ತು ನಿಮ್ಮ ಮಗಳಿಗೆ ಹೇಳಿಬಿಡ್ತೀನಿ" ಅಂದ್ಬಿಟ್ಟು ಬಾಗಿಲಿಗೆ ಭುಜ ಕೊಟ್ಟು ನಿಂತ್ಕೊಂಡ್ರೆ ಆಯ್ತಾ? ಯಾವುದು ನಿನ್ನ ಕೆಲಸ ಅಲ್ಲ, ಹೇಳು. ನನ್ನ ಮಗಳು ಮುಸೋಂಡ ನಿನ್ನನ್ನ ಕರ್ಕೊಂಡು ಬಂದಾಗ ಈ ಚಾಪೆ ಮೇಲೆ ನಾನೂ ಕೂತಿದ್ದೆ. ಬೆಳಗ್ಗೆ ಬರೋದು, ಮಗೂಗೆ ಗಂಜಿ, ಮಗು ಬಟ್ಟೆ, ಮಗು ಆಡೋ ಜಾಗ ಗುಡಿಸೋದು, ಮಧ್ಯಾಹ್ನಕ್ಕೆ ಹೋಗೋದು. ಆಮೇಲೆ ಅವಳು ಮಾರ್ಕೆಟ್ಟಿಂದ ಬರೋತನಕ ಮಗು ನನ್ನದು. ಅಷ್ಟೇ ಅಂದ್ಲು ಅವಳು. ಅಷ್ಟೇ! ನನ್ನ ಕಿವಿ ಇನ್ನೂ ಚೆನ್ನಾಗಿದೆ.

ಆದ್ರೆ ಮಗು ಏನು ಗಾಳೀಲಿ ತೇಲ್ತಿರುತ್ತೇನೇ? ಮಗು ಇರೋದು ಮನೇಲಿ. ಮನೆ ಅಂದ್ಮೇಲೆ ಒಲೆ ಇರುತ್ತೆ, ನೀರು ಇರುತ್ತೆ, ಪಾತ್ರೆ ಇರುತ್ತೆ...

ಯಾಕೆ ನಗ್ತೀಯ? ನಗು, ನಗು! ಇಲಿ ಸುಟ್ಟು ತಿನ್ನೋ ಸೀಮೆಯ ಎಂಗೊನಿ ಹುಡುಗಿ, ನಿನಗೇನು ಗೊತ್ತಾಗುತ್ತೆ ಮನೆ ವಾರ್ತೆ! ಹ್ಞಾಂ, ನೀನೂ ಅನ್ನು, ಕೋತಿ ತಿನ್ನೋ ಬೆಂಬಾ ಮುದುಕಿ ಅಂತ. ನಿಮ್ಮ ಕುಲಕ್ಕೂ ನಮ್ಮ ಕುಲಕ್ಕೂ ಬೈದಾಡೋ ಸಲಿಗೆ ಇದೆ, ಹೆಣದ ಮನೇಲೂ ಬಿಡಲ್ಲ ನಾವು. ಅನ್ನು! ...ಅನ್ನಲ್ವಾ? ದಿನಾ ಅಂತಿದ್ದೆಯಲ್ಲ. ಇವತ್ತೇನು, ನಗೂನೂ ಅರ್ಧಕ್ಕೇ ನಿಂತೋಯ್ತು.

ಸರಿ, ನ್ಯಾಯವಾಗೇ ಮಾತಾಡೋಣ. ಕಡಲೆಕಾಯಿ ಬೀಜ ಕುಟ್ಟು ಅಂದೆ, ಹೌದು, ಅಂದೆ. ಸೊಪ್ಪಿಗೆ ಅದರ ಪುಡಿ ಬೀಳದಿದ್ರೆ ದನ ತಿನ್ನಬೇಕು ಅಷ್ಟೇ. ನಿನ್ನದು ಪ್ರಾಯದ ತೋಳು. ಬೆನ್ನಿಗೆ ಮಗು ಕಟ್ಕೊಂಡು ಒನಕೆ ಎತ್ತಿ ಇಳಿಸಿದ್ರೆ ಅದಕ್ಕೂ ತೂಗಿದ ಹಾಗೆ. ನೋಡು, ಈಗ್ಲೂ ಹೇಗೆ ನಿದ್ದೆ ಹೊಡೀತಿದೆ ನನ್ನ ಮೊಮ್ಮಗು ಕಫುಲ, ಬಾಯಿ ತೆರ್ಕೊಂಡು, ನಿನ್ನ ರವಿಕೆಯೆಲ್ಲ ಜೊಲ್ಲು ಮಾಡ್ಕೊಂಡು! ...ಬೇಡ್ವಾ? ಬೇಡ ಬಿಡು. ನಾಳೆಯಿಂದ ಕುಟ್ಟಬೇಡ. ಕುಟ್ಟಿದ್ದೇ ಸಿಗುತ್ತೆ ಅಂಗಡೀಲಿ, ಅರ್ಧ ಮಣ್ಣು ಬೆರೆಸಿರ್ತಾರೆ, ತಿಂತೀವಿ.

ಮತ್ತೆ ಬಟ್ಟೆ. ಮಗು ಬಟ್ಟೆ ಜೊತೆ ಹೊದಿಕೆ ಹಾಕಿದ್ದೇ ತಪ್ಪಾ? ನನ್ನ ಒಳಬಟ್ಟೆ ಯಾವತ್ತಾದ್ರೂ ನಿನ್ನ ಕೈಗೆ ಕೊಟ್ಟಿದ್ದೀನಾ? ಅದನ್ನ ಇನ್ನೊಬ್ಬರ ಕೈಲಿ ಒಗೆಸೋಷ್ಟು ಮಾನಗೆಟ್ಟಿಲ್ಲ ನಾನು. ನಾನೇ ಒಗೀತೀನಿ, ಬಚ್ಚಲಲ್ಲೇ ಒಣಗಿ ಹಾಕ್ತೀನಿ. ...ಯಾಕೆ ಆ ಕಡೆ ನೋಡ್ತೀಯ? ನೀರು ತೊಟ್ಟಿಕ್ತಿದೆ ಅಂತಾನಾ? ತೊಟ್ಟಿಕ್ಕಲಿ! ಹಿಂಡಿದ್ರೆ ಬಟ್ಟೆ ಬೇಗ ಹರಿಯುತ್ತೆ ಕಣೇ. ನಿಮಗೆಲ್ಲ ಅದೆಲ್ಲಿ ಗೊತ್ತು.

ನಲ್ಲೀಲಿ ನೀರು ಹಿಡಿಯೋದೂ ಬೇಡ. ಹೋಯ್ತಾ? ಪಕ್ಕದ ಮನೆಯವಳನ್ನ ಕೇಳ್ಕೋತೀನಿ, ಅವಳ ಕಾಲು ಹಿಡೀತೀನಿ!

ಆದ್ರೆ ಮುದ್ದೆ... ಜೆಲಿಪಾ, ನನ್ನವ್ವ, ಮುದ್ದೆ ಒಂದು ಬೇಡ ಅನ್ನಬೇಡ. ನ್ಶಿಮ ತಿರುವೋದು ಎಷ್ಟೊತ್ತಿನ ಕೆಲಸ? ನೀರು ಕುದಿಯೋದೇ ತಡ, ಹಿಟ್ಟು ಹಾಕಿ ಕೋಲಲ್ಲಿ ಒತ್ತಿ ತಿರುವಿ ಹಾಟ್‌ಬಾಕ್ಸಿಗೆ ಹಾಕಿಟ್ಟು ಹೋಗ್ತೀಯ. ಅವಳು ಸಂಜೆ ಬರ್ತಾಳಲ್ಲ, ಇಡೀ ದಿನ ಹೊಲಿಗೆ ಮಿಷನ್ ಮುಂದೆ ಬಗ್ಗಿ ಸೊಂಟ ಹಿಡ್ಕೊಂಡು... ಕೈ ತೊಳೆದು ಒಂದು ತುತ್ತು ಬಾಯಿಗಿಡ್ತಾಳೆ. "ಅಮ್ಮ, ಯಾರು ತಿರುವಿದ್ರೂ ನಿನ್ನ ಮುದ್ದೆ ಥರ ಬರಲ್ಲ" ಅಂತಾಳೆ. ನಾನೂ... ಹ್ಞೂಂ ಅಂತೀನಿ.

ಯಾಕೆ ಹಾಗೆ ನೋಡ್ತೀಯ? ಅದೇನು ಕಳ್ಳತನಾನಾ? ಒಲೆ ಮುಂದೆ ಕೂತು ಹಿಟ್ಟು ಸಾಕು, ಉರಿ ತಗ್ಗಿಸು ಅಂತ ಹೇಳಿದ್ದು ನಾನಲ್ವಾ?

ಅಯ್ಯೋ, ಆಯ್ತು! ಮುದ್ದೇನೂ ಬೇಡ, ಬ್ರೆಡ್ ತಿಂದು ಮಲಗ್ತೀವಿ! ಅವಳು ಹೇಳಿದ್ದಷ್ಟೇ ಮಾಡು, ಒಂದು ಕಡ್ಡಿ ಹೆಚ್ಚಿಲ್ಲ. ಈಗ ಸಮಾಧಾನಾನಾ? ಈಗ ಅವಳಿಗೆ ಹೇಳೋಕೆ ಏನೂ ಉಳೀಲಿಲ್ಲ ಅಲ್ವಾ? ಏನೂ ಹೇಳಲ್ಲ ಅಲ್ವಾ? ...ಹೋಗು ಮತ್ತೆ. ನೀನು ಮಧ್ಯಾಹ್ನ ಜಡೆ ಹೆಣೆಯೋ ಅಂಗಡೀಲಿ ಗಿರಾಕಿಗಳು ಕಾಯ್ತಿರ್ತಾರೆ. ಹೊತ್ತು ಮೀರಿದೆ ಆಗಲೇ. ಮಗು ಇಳಿಸು, ನಡಿ.

...ನಡಿ ಅಂದೆ.

ಯಾಕೆ ನಿಂತಿದ್ದೀಯ? ಎಲ್ಲ ಬಿಟ್ಟುಕೊಟ್ಟೆನಲ್ಲ! ಇನ್ನೇನು ಬೇಕು ನಿನಗೆ? ಕೋಪಾನಾ? ...ಇಲ್ಲ. ಕೋಪ ಬಂದೋರ ಕಣ್ಣು ಹೀಗಿರಲ್ಲ.

ಕೊಡು ಇಲ್ಲಿ ಮಗೂನ. ನೋಡು, ಬಗ್ಗಿದ್ದೀನಿ. ನಿನ್ನ ಬೆನ್ನಿಂದ ನನ್ನ ಬೆನ್ನಿಗೆ ಜಾರಿಸು, ಎಚ್ಚರಾನೂ ಆಗಲ್ಲ ಅದಕ್ಕೆ. ನಾನು ಹೆತ್ತಿದ್ದೆಲ್ಲ ಈ ಬೆನ್ನ ಮೇಲೇ ಬೆಳೆದಿದ್ದು, ನಿನ್ನ ಮುಸೋಂಡಾನೂ ಸೇರಿ. ಬಟ್ಟೆ ಸುತ್ತಿ ಎದೆ ಮುಂದೆ ಗಂಟು ನಾನೇ ಹಾಕ್ಕೋತೀನಿ. ...ಹಾಕೇ! ಎಷ್ಟೊತ್ತು ಬಗ್ಗಿಸ್ತೀಯ ಮುದುಕೀನ?

ಯಾಕೆ... ಯಾಕೆ ನನ್ನ ಕೈ ನೋಡ್ತೀಯ?

ಏನಿದೆ ಕೈಲಿ? ಎಲ್ಲರ ಕೈ ಥರ ಕೈ. ಸ್ವಲ್ಪ ಜೋಮು, ವಯಸ್ಸಾದ ಮೇಲೆ ಯಾರಿಗಿರಲ್ಲ? ಮೊನ್ನೆ ಚಹಾದ ಲೋಟ ಬಿತ್ತು, ನಿನ್ನ ಕೈಯಿಂದ ಯಾವತ್ತೂ ಲೋಟ ಬಿದ್ದಿಲ್ವಾ? ಹಿಡಿ ಅಂದ್ರೆ ಹಿಡಿಯಲ್ಲ ಈ ಬೆರಳು... ಅಂದ್ರೆ, ಹಿಡಿಯುತ್ತೆ! ಒಂದೊಂದು ಸಲ ಹಿಡಿಯುತ್ತೆ.

ಬೈಯಿ ಬೇಕಾದ್ರೆ. ಹಾಗೆ ಹಿಂದೆ ಸರೀಬೇಡ...

ಸೋಂಬೇರಿ ಮುದುಕಿ ಅಂದ್ಕೊಳ್ಳಲಿ ಅಂತಿದ್ದೆ ಕಣೇ. ಗಯ್ಯಾಳಿ, ಹುಡುಗಿ ಕೈಲಿ ಕತ್ತೆ ಚಾಕರಿ ಮಾಡಿಸ್ತಾಳೆ ಅಂದ್ಕೊಂಡ್ರೂ ಸರಿ. ನೀನೂ ಹಾಗೇ ಅಂದ್ಕೊಂಡೆ ಅಂತಾನೇ ನಂಬಿದ್ದೆ. ನೀನು ನೋಡ್ತಾನೇ ಇದ್ದೆ ಅಲ್ವಾ? ಅದಕ್ಕೇ ಇವತ್ತು ಹೊತ್ತಾದ್ರೂ ಗಂಟು ಬಿಚ್ಚಿಲ್ಲ ನೀನು.

ನನ್ನ ಮಗಳಿಗೆ ಗೊತ್ತಾದ್ರೆ ಮಧ್ಯಾಹ್ನಕ್ಕೂ ಯಾರನ್ನೋ ಕರ್ಕೊಂಡು ಬರ್ತಾಳೆ. ಬಂದೋಳೂ ಮಗೂನ ಬೆನ್ನಿಗೆ ಕಟ್ಕೊಂಡು ಓಡಾಡ್ತಾಳೆ, ನಾನು ಇಲ್ಲಿ ಕೂತು ಮಗು ಕಾಲು ಮಾತ್ರ ನೋಡ್ತಾ... ಆ ಪುಟ್ಟ ಹಿಮ್ಮಡಿ...

...ಆಯ್ತು. ಕೂತ್ಕೋತೀನಿ. ಇಲ್ಲೇ, ಚಾಪೆ ಮೇಲೆ. ಕೂತ ಮೇಲೆ ಮಗು ಬೀಳೋ ಭಯ ಇಲ್ವಲ್ಲ? ಈಗ ಹಾಕು. ನಿಧಾನ, ತಲೆ ಹಿಡಿ, ತಲೆ... ಹ್ಞಾಂ. ಅಬ್ಬ, ಎಷ್ಟು ಬಿಸಿ ಉಸಿರು ಇದರದ್ದು!

ಗಂಟು... ನೀನೇ ಹಾಕು. ಬಿಗಿಯಾಗಿ. ಇನ್ನೂ ಬಿಗಿಯಾಗಿ.

ಹೋಗಲ್ವಾ? ಜಡೆ ಅಂಗಡಿ? ...ಸರಿ, ಕೂತ್ಕೋ. ಈ ಕಡೆ ಬಾ, ಬಿಸಿಲು ಬೀಳಲ್ಲ.

ನೀನೇನೂ ಹೇಳಬೇಡ ಅವಳಿಗೆ. ಬಾಗಿಲಿಗೆ ಬರ್ತಿದ್ದ ಹಾಗೇ ನಾನೇ ಅಂತೀನಿ, ಬಾ ಮಗಳೇ, ಈ ಗಂಟು ಸ್ವಲ್ಪ ಬಿಚ್ಚು. ಅಷ್ಟು ಸಾಕು. ಅವಳು ನನ್ನ ಮಗಳು.